ಬೆರಳ ತುದಿಗೆ ಬಂದ ಮಾತು

ಹೈದರಾಬಾದಿನಲ್ಲಿ ಅಲ್ಲೊಬ್ಬರ ಇಲ್ಲೊಬ್ಬರ ಕೈಗೆ ಮೊಬೈಲ್ ಬರತೊಡಗಿದ ಕಾಲಕ್ಕೆ ಅಮೃತಪ್ಪನವರ ಕಿವಿ ಹೋಯಿತು. ೧೯೯೯ರಲ್ಲಿ ಬಂದ ವಿಷಮಜ್ವರ ಮೂರು ವಾರಕ್ಕೆ ಇಳಿಯಿತು, ಆದರೆ ಕೇಳುವುದು ನಿಂತುಹೋಗಿತ್ತು. ಕಿವಿಗೆ ಮಷೀನು ಹಾಕಿಯೂ ಉಪಯೋಗವಿಲ್ಲ ಎಂದು ಕೋಠಿಯ ಕಿವಿ ಆಸ್ಪತ್ರೆಯ ಡಾಕ್ಟರು ಚೀಟಿಯಲ್ಲಿ ಬರೆದು ತೋರಿಸಿದರು. ಕುಷಾಯಿಗೂಡದ ಮನೆಯಲ್ಲಿ ಹೆಂಡತಿ ಗಿರಿಜಾಬಾಯಿ ಒಂದು ಸ್ಲೇಟು ತಂದಿಟ್ಟರು. 'ಊಟಕ್ಕ ಬರ್ರಿ', 'ಹಾಲು ತರ್ರಿ'. ಅದಕ್ಕಿಂತ ಹೆಚ್ಚಿನ ಮಾತು ಸ್ಲೇಟಿನ ಮೇಲೆ ಬರುತ್ತಿರಲಿಲ್ಲ.

ಅಮೃತಪ್ಪನವರಿಗೆ ಮೊದಲಿನಿಂದಲೂ ಹ್ಯಾಮ್ ರೇಡಿಯೊದ, ಅಂದರೆ ಹವ್ಯಾಸಕ್ಕಾಗಿ ದೂರದವರೊಡನೆ ವೈರ್‌ಲೆಸ್‌ನಲ್ಲಿ ಮಾತಾಡುವ ಹುಚ್ಚು. ಪರೀಕ್ಷೆ ಬರೆದು ಲೈಸೆನ್ಸ್ ಪಡೆದವರು. ಅವರು ತಾವೇ ಕಟ್ಟಿದ ಸೆಟ್ಟು ಟಿಫಿನ್ ಡಬ್ಬಿಯೊಳಗೆ ಕೂಡುತ್ತಿತ್ತು. ಟಾರ್ಚಿನ ಬಲ್ಬು ಉರಿಯುವಷ್ಟು ಕರೆಂಟಿನಲ್ಲಿ, ಚುಕ್ಕೆ-ಗೆರೆಯ ಮೋರ್ಸ್ ಸಂಕೇತವನ್ನು ನೂರಾರು ಮೈಲಿ ಕಳಿಸುತ್ತಿತ್ತು. ಕಿವಿ ಹೋದ ಮೇಲೆ ಅದು ಅಟ್ಟ ಸೇರಿತು.

ಒಂದು ಭಾನುವಾರ, ಯಾರಿಗಾದರೂ ಕೊಟ್ಟುಬಿಡೋಣವೆಂದು ಇಳಿಸಿ ಚಾಲೂ ಮಾಡಿದರು. ಸ್ಪೀಕರಿನ ಧೂಳು ಒರೆಸುವಾಗ ಬೆರಳ ಕೆಳಗೆ ಏನೋ ಮಿಡಿಯಿತು. ಗಿಡ್ಡ, ಉದ್ದ, ಮತ್ತೆ ಗಿಡ್ಡ. ಯಾರೋ ಯಾರನ್ನೋ ಕರೆಯುತ್ತಿದ್ದರು! ಗಿರಿಜಾಬಾಯಿ ಅಡುಗೆಮನೆಯಿಂದ ಬಂದು ನೋಡಿದರೆ ಗಂಡ ಸ್ಪೀಕರಿನ ಮೇಲೆ ಬೆರಳಿಟ್ಟುಕೊಂಡು ಅಳುತ್ತಿದ್ದರು.

ಆರು ತಿಂಗಳ ಅಭ್ಯಾಸದಲ್ಲಿ ಬೆರಳು ಪಳಗಿತು. ಆಮೇಲೆ ಡಬ್ಬಿ ಅವರನ್ನು ಬಿಟ್ಟಿರಲಿಲ್ಲ. ಯಾದಗಿರಿಯ ತಂಗಿಯ ಮನೆಗೆ ಹೋದರೆ ಬೇವಿನ ಗಿಡಕ್ಕೆ ಏರಿಯಲ್ ತಂತಿ ಎಸೆಯುವುದು, ಮದುವೆಗೆ ಹೋದರೆ ಮಂಗಲ ಕಾರ್ಯಾಲಯದ ಮಾಳಿಗೆ ಹತ್ತುವುದು. ಹಾಗೆ ಸಿಕ್ಕವರು ಸೊಲ್ಲಾಪುರದ ಬ್ಯಾಂಕ್ ನೌಕರ ದತ್ತಾತ್ರೇಯ. ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ ಹೊಡೆಯುತ್ತ ಎರಡು ವರ್ಷ ಪ್ರತಿ ಭಾನುವಾರ ಇಬ್ಬರೂ ಮಾತಾಡಿದರು. ಕಿವಿಯ ಸುದ್ದಿಯನ್ನು ಮಾತ್ರ ಅಮೃತಪ್ಪ ಎತ್ತಲಿಲ್ಲ.

ಜನವರಿಯಲ್ಲಿ ದತ್ತಾತ್ರೇಯ ನಾಂಪಲ್ಲಿಯ ಎಕ್ಸಿಬಿಷನ್ ನೋಡಲು ಬಂದರು. ಗೇಟಿನ ಬಳಿ ಭೇಟಿ. "ಕಡೀಕೂ ಮಾರಿ ನೋಡಿದಂಗಾತ್ರಿ!" ಎಂದರು. ಅಮೃತಪ್ಪ ಸುಮ್ಮನೆ ನಕ್ಕರು.

"ಅವರಿಗೆ ಕೇಳಂಗಿಲ್ರಿ," ಎಂದರು ಗಿರಿಜಾಬಾಯಿ. "ಮೂರು ವರ್ಷ ಆಗಾಕ ಬಂತು."

ದತ್ತಾತ್ರೇಯ ಗಿರಿಜಾಬಾಯಿಯತ್ತ ತಿರುಗಿದರು. "ಎರಡು ವರ್ಷ ಮಾತಾಡೀನ್ರೀ ವೈನಿ. ಒಮ್ಮೆನೂ ಏನಂದ್ರಿ ಅಂತ ತಿರುಗಿ ಕೇಳಿಲ್ಲ ಇವರು."

ಆಮೇಲೆ ಅಮೃತಪ್ಪನವರ ಕೈ ಹಿಡಿದು ಅಂಗೈ ಮೇಲೆ ಬೆರಳಿನಿಂದ ಕುಟ್ಟತೊಡಗಿದರು. ಅಮೃತಪ್ಪ ಗಹಗಹಿಸಿ ನಕ್ಕರು. ಜ್ವರ ಬಂದಂದಿನಿಂದ ಗಂಡ ಹಾಗೆ ನಕ್ಕಿದ್ದನ್ನು ಗಿರಿಜಾಬಾಯಿ ಕಂಡಿರಲಿಲ್ಲ. ಗೆಳೆಯರು ತಾಸುಗಟ್ಟಲೆ ಬೆಂಚಿನ ಮೇಲೆ ಕೂತರು. ಪಕ್ಕದಲ್ಲಿ ಕೂತ ಗಿರಿಜಾಬಾಯಿಗೆ ಸಂತೋಷವೂ ಆಯಿತು, ಹೊಟ್ಟೆಕಿಚ್ಚೂ ಆಯಿತು.

ಅಂದು ಸಂಜೆ ಸ್ಲೇಟಿನ ಮೇಲೆ ಬರೆದರು: 'ನನಗೂ ಕಲಿಸ್ರಿ.'

ಏಳನೇ ತರಗತಿ ಓದಿದ ಹೆಂಗಸು. ಕಲಿಯಲು ಎಂಟು ತಿಂಗಳು ಹಿಡಿಯಿತು. ರೊಟ್ಟಿ ಬಡಿಯುವಾಗ ಹಿಟ್ಟಿನ ಮೇಲೆ, ಪೂಜೆಗೆ ಕೂತರೆ ಮಣೆಯ ಮೇಲೆ ಬೆರಳು ಆಡುತ್ತಲೇ ಇರುತ್ತಿತ್ತು.

ಒಂದು ದಿನ ಕೋಠಿಗೆ ಹೋಗುವ ಬಸ್ಸಿನಲ್ಲಿ ಗಂಡನ ಅಂಗೈ ತೆಗೆದುಕೊಂಡರು. ಬರೆಯಲು ಧೈರ್ಯ ಬರದೆ ಇಷ್ಟು ವರ್ಷ ಒಳಗೇ ಉಳಿದದ್ದನ್ನು ತಡವರಿಸುತ್ತ ಕುಟ್ಟಿದರು: 'ಜ್ವರ ಬಂದಾಗ ನಾ ಲಗೂನ ದವಾಖಾನಿಗೆ ಒಯ್ಯಲಿಲ್ಲ. ತಪ್ಪು ನಂದು.'

ಅಮೃತಪ್ಪ ಅವರ ಮುಖ ನೋಡಿದರು. "ಬ್ಯಾಡ ಅಂದಾಂವ ನಾನಽ, ಗಿರಿಜಾ! ನೀ ಎಷ್ಟು ಸಲ ಹೇಳಿದಿ, ನಾ ಕೇಳಲಿಲ್ಲ!"

ತಮ್ಮ ದನಿ ಎಷ್ಟು ಜೋರಿತ್ತೆಂದು ಅವರಿಗೆ ಗೊತ್ತಾಗಲಿಲ್ಲ. ಕಂಡಕ್ಟರನೂ ಸೇರಿ ಬಸ್ಸೆಲ್ಲ ತಿರುಗಿ ನೋಡಿತು. ಗಿರಿಜಾಬಾಯಿ ಸೆರಗಿನಿಂದ ಕಣ್ಣೊರೆಸಿಕೊಂಡು ಅವರ ಅಂಗೈಗೆ 'ಮೆತ್ತಗ' ಎಂದು ಕುಟ್ಟಿದರು.