ಉಳಿದರ್ಧ ದೇವರು

ಕಾದ ಮರಳಿನ ವಾಸನೆ ಮೂಗಿಗೆ ಬಡಿದರೆ ಸಾಕು, ನನ್ನ ಕಣ್ಣೆದುರು ಹರಿಹರದ ಗುಡಿ ಬಂದು ನಿಲ್ಲುತ್ತದೆ. ಯಾವ ಊರಿನ ಯಾವ ಬೀದಿಯಾದರೂ ಸರಿ, ತಳ್ಳುಗಾಡಿಯವನು ಬಾಣಲೆಯ ಮರಳಿನಲ್ಲಿ ಶೇಂಗಾ ಹುರಿಯುತ್ತಿದ್ದರೆ ನಾನು ನಿಂತುಬಿಡುತ್ತೇನೆ. ಆ ವಾಸನೆಯೊಳಗಿನಿಂದ ಮೊದಲು ತಣ್ಣನೆಯ ಕಲ್ಲುನೆಲ, ಆಮೇಲೆ ನುಣುಪಾದ ಕಂಬಗಳು, ಕೊನೆಗೆ ಗರ್ಭಗುಡಿಯ ಮಂದ ಬೆಳಕಿನಲ್ಲಿ ಅರ್ಧ ಹರನೂ ಅರ್ಧ ಹರಿಯೂ ಆಗಿ ನಿಂತ ದೇವರು. ನೆಲದ ಮೇಲೆ ಇಟ್ಟಿಗೆ ಚೂರಿನಿಂದ ಎಳೆದ ಕೆಂಪು ಗೆರೆಗಳು. ಎಳೆಯುತ್ತಿರುವ ಒಂದು ಕೈ, ಅದರಲ್ಲಿ ಹಸಿರು ಗಾಜಿನ ಬಳೆ. ಲೆಕ್ಕದ ಅಕ್ಕೋರ ಕೈ ಅದು. ನಮ್ಮ ಕಡೆ ಹೆಣ್ಣು ಮೇಷ್ಟ್ರನ್ನು ಅಕ್ಕೋರು ಎನ್ನುತ್ತೇವೆ. ಅವರ ಮುಖ ಮಾತ್ರ ಎಷ್ಟು ತಡಕಿದರೂ ಸಿಗುವುದಿಲ್ಲ. ಗುಡಿಗೂ ಕಾದ ಮರಳಿಗೂ ಏನು ಸಂಬಂಧ ಎಂದು ನಾನು ಬಹಳ ವರ್ಷ ಕೇಳಿಕೊಳ್ಳಲೇ ಇಲ್ಲ. ನೆನಪು ಹೇಳಿದ್ದನ್ನು ಹಾಗೇ ನಂಬುವ ಸೋಮಾರಿತನ ನನಗಿತ್ತು, ನಿಮಗೂ ಇದ್ದೀತು.

ದಾವಣಗೆರೆಯಲ್ಲಿ ನಮ್ಮ ಮನೆ ಒಂದು ಮಂಡಕ್ಕಿ ಭಟ್ಟಿಗೆ ಒತ್ತಿಕೊಂಡಿತ್ತು. ದೊಡ್ಡಪ್ಪ, ಅಪ್ಪ, ಅಜ್ಜಿ, ಎಲ್ಲರೂ ಒಂದೇ ಒಲೆಯ ಊಟದವರು. ಹತ್ತಿ ಗಿರಣಿಯ ಸೈರನ್ ಕೂಗಿದಾಗ ಏಳುವುದು, ಮತ್ತೊಮ್ಮೆ ಕೂಗಿದಾಗ ಉಣ್ಣುವುದು. ದೊಡ್ಡಪ್ಪನ ಮಗಳು ಗಿರಿಜಾ ನನ್ನ ವಾರಿಗೆಯವಳು. ಒಂದೇ ಕ್ಲಾಸು, ಒಂದೇ ಬೆಂಚು, ಲೆಕ್ಕದಲ್ಲಿ ಇಬ್ಬರದೂ ಒಂದೇ ಗತಿ. ಭಿನ್ನರಾಶಿ ಬಂದಾಗ ಇಬ್ಬರೂ ಪೂರಾ ಮುಳುಗಿದೆವು. ಅರ್ಧಕ್ಕೆ ಅರ್ಧ ಕೂಡಿಸು ಎಂದರೆ ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿಸಿ ನಾಲ್ಕರಲ್ಲಿ ಎರಡು ಎಂದು ಬರೆಯುತ್ತಿದ್ದೆವು. ಮೇಷ್ಟ್ರು ರೂಲುದೊಣ್ಣೆ ಎತ್ತಿ, "ಲಸಾಅ ತಗೀರೇ!" ಎಂದು ಕೂಗುತ್ತಿದ್ದರು. ಒಮ್ಮೆ ಧೈರ್ಯ ಮಾಡಿ "ಲಸಾಅ ಅಂದ್ರೇನ್ರಿ?" ಎಂದೆ. "ಲಸಾಅ ಅಂದ್ರೆ ಲಸಾಅ!" ಎಂದು ಗೆಣ್ಣಿನ ಮೇಲೆ ಬಾರಿಸಿದರು. ಅದು ಯಾವುದೋ ಬೈಗುಳ ಎಂದೇ ನಾನು ತಿಳಿದಿದ್ದೆ. ಮನೆಯಲ್ಲಿ ಬಾಯಿಪಾಠ ಮಾಡಲು ಕೂತರೆ ಅಜ್ಜಿಯ ಗದರಿಕೆ: "ದೀಪ ಹಚ್ಚೋ ಹೊತ್ನಾಗ ಭಿನ್ನ ಭಿನ್ನ ಅನ್ಬ್ಯಾಡ್ರೇ, ಮನಿಗೆ ಒಳ್ಳೇದಲ್ಲ." ಅಜ್ಜಿಗೆ ಭಿನ್ನ ಎಂದರೆ ಬಿರುಕುಬಿಟ್ಟ ವಿಗ್ರಹ, ಪೂಜೆಗೆ ಬಾರದ್ದು.

ಅರ್ಧ ವರ್ಷದ ಪರೀಕ್ಷೆಯಲ್ಲಿ ಇಬ್ಬರೂ ಲೆಕ್ಕದಲ್ಲಿ ಫೇಲಾದೆವು. ಅಪ್ಪ ಕೂಗಾಡಲಿಲ್ಲ. ಎಲೆಅಡಿಕೆ ಹಾಕಿಕೊಳ್ಳುತ್ತಾ, "ವರ್ಷದ ಪರೀಕ್ಷ್ಯಾಗೂ ಹಿಂಗಾದ್ರೆ ಸಾಲಿ ಸಾಕು. ಒಲಿ ಮುಂದ ಯಾರೂ ಲಸಾಅ ಕೇಳಂಗಿಲ್ಲ" ಎಂದರು. ನಕ್ಕೇ ಹೇಳಿದರು, ಆದರೆ ಅಪ್ಪ ನಕ್ಕು ಹೇಳಿದ್ದನ್ನು ತಪ್ಪದೆ ಮಾಡುವವರು. ಗಿರಿಜೆಗೆ ಹರಿಹರದಲ್ಲಿ ಸೋದರಮಾವ ಇದ್ದ. ಅಲ್ಲಿ ಲೆಕ್ಕಕ್ಕೆ ಒಳ್ಳೆಯ ಅಕ್ಕೋರು ಬಂದಿದ್ದಾರಂತೆ ಎಂದು ದೊಡ್ಡಮ್ಮ ಅವಳನ್ನು ರೈಲು ಹತ್ತಿಸಿ ಕಳಿಸಿಬಿಟ್ಟಳು. ನನ್ನ ಸೋದರಮಾವ ಕೊಕ್ಕನೂರಿನಲ್ಲಿ ಎಮ್ಮೆ ಕಟ್ಟಿಕೊಂಡಿದ್ದ. ಅವನ ಮೇಲೂ ನನಗೆ ಸಿಟ್ಟು ಬಂತು.

ಶನಿವಾರ ಮಧ್ಯಾಹ್ನದ ಗಾಡಿಗೆ ಗಿರಿಜಾ ಬರುತ್ತಿದ್ದಳು. ಬಂದವಳು ಮೊದಲಿನ ಗಿರಿಜಾ ಅಲ್ಲ. ಲೆಕ್ಕದ ಮಾತೆತ್ತಿದರೆ ಅಳುತ್ತಿದ್ದವಳು ಈಗ ನಗುತ್ತಿದ್ದಳು. "ನಮ್ಮ ಅಕ್ಕೋರು ಹೊಡಿಯಂಗಿಲ್ಲ ಗೊತ್ತೇನು? ತಪ್ಪು ಮಾಡಿದ್ರೆ, ಹೆಂಗ ಬಂತು ಹೇಳವ್ವ ಅಂತಾರ. ಹೇಳ್ತಾ ಹೇಳ್ತಾ ನಮಗೇ ನಗು ಬರ್ತೈತಿ." ಆ 'ನಮ್ಮ' ಎಂಬ ಮಾತು ನನ್ನ ಗೆಣ್ಣಿನ ಬರೆಗಿಂತ ಹೆಚ್ಚು ಉರಿಯುತ್ತಿತ್ತು. ನಮ್ಮ ಮನೆ, ನಮ್ಮ ಅಜ್ಜಿ, ನಮ್ಮ ಬೆಂಚು ಎಂದಾಗಲೆಲ್ಲ ನಾನೂ ಅದರೊಳಗಿದ್ದೆ. ನಮ್ಮ ಅಕ್ಕೋರು ಎಂದಾಗ ಇರಲಿಲ್ಲ. ಅಕ್ಕೋರಿಗೆ ದೂರದ ಊರಿಗೆ ವರ್ಗವಾಗಲಿ ಎಂದು ಆ ಹರಿಹರದ ದೇವರಿಗೇ ಹರಕೆ ಹೊತ್ತೆ. ಹರಕೆ ಕೇಳಿದ್ದು ಹರನೋ ಹರಿಯೋ, ಇಬ್ಬರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಆಮೇಲೆ ಗುಡಿಯ ಆ ದಿನ. ನನ್ನ ನೆನಪಿನ ಪ್ರಕಾರ ನಾನೂ ಹರಿಹರಕ್ಕೆ ಹೋಗಿದ್ದೆ, ಅಕ್ಕೋರು ಮಕ್ಕಳನ್ನೆಲ್ಲ ದೇವರ ಮುಂದೆ ಕೂರಿಸಿದ್ದರು. ಅರ್ಧ ಹರ, ಅರ್ಧ ಹರಿ, ಕೂಡಿಸಿದರೆ ಎಷ್ಟು? ಗಿರಿಜಾ ಎದ್ದು, "ನಾಕ್ರಾಗ ಎರಡು ರೀ" ಎಂದಳು. "ನಾಕ್ರಾಗ ಎರಡು ಅಂದ್ರ ಎಷ್ಟಾತವ್ವ?" "ಅರ್ಧ ರೀ." "ಇಬ್ರನ್ನೂ ಕೂಡ್ಸಿದ್ರೂ ಅರ್ಧ ದೇವ್ರೇ ಆತಲ್ಲ! ಉಳಿದರ್ಧ ದೇವ್ರು ಹೊಳಿಗೆ ಜಳಕಕ್ಕೆ ಹೋದ್ನೇನು?" ಎಲ್ಲರೂ ಬಿದ್ದು ಬಿದ್ದು ನಕ್ಕರು. ನಾನು ಎದ್ದು, "ಒಂದು ದೇವ್ರು ರೀ" ಎಂದೆ. ಇನ್ನು ಅರ್ಧಕ್ಕೆ ಮೂರರಲ್ಲೊಂದು ಪಾಲು ಕೂಡಿಸಿ ತೋರಿಸಲು ಅಕ್ಕೋರು ನೆಲದ ಮೇಲೆ ಇಟ್ಟಿಗೆ ಚೂರಿನಿಂದ ಉದ್ದನೆಯ ಚೌಕ ಬರೆದರು: ಅದೇ ದೇವರು. ಮೇಲಿನಿಂದ ಕೆಳಗೆ ಒಂದು ಗೆರೆ, ಎರಡು ಅರ್ಧವಾಯಿತು. ಅಡ್ಡಕ್ಕೆ ಎರಡು ಗೆರೆ, ತಲೆ, ನಡು, ಕಾಲು ಎಂದು ಮೂರು ಪಾಲಾಯಿತು. "ಉದ್ದ ಗೆರಿ ನಾಮದೋರ್ದು, ವಿಭೂತಿಯಂಗ ಅಡ್ಡ ಗೆರಿ ನಮ್ದು. ಈಗ ಮನಿ ಎಷ್ಟಾದವು?" ಆರು. ಅರ್ಧವೆಂದರೆ ಮೂರು ಮನೆ, ಮೂರರಲ್ಲೊಂದು ಪಾಲೆಂದರೆ ಎರಡು ಮನೆ, ಕೂಡಿದರೆ ಆರರಲ್ಲಿ ಐದು. "ಅಳತಿ ಒಂದೇ ಆಗ್ಬೇಕು, ಆಮ್ಯಾಲೆ ಕೂಡ್ಸಬೇಕು. ಆ ಆರೇ ಲಸಾಅ." ಬೈಗುಳ ಎಂದುಕೊಂಡಿದ್ದ ಮಾತು ಆರು ಕೆಂಪು ಮನೆಗಳಾಗಿ ಕಣ್ಣೆದುರು ಬಿದ್ದಿತ್ತು.

ವರ್ಷದ ಪರೀಕ್ಷೆಯಲ್ಲಿ ಪಾಸಾದೆ. ಗಿರಿಜೆಗೆ ನನಗಿಂತ ಹೆಚ್ಚು ಬಂದಿತ್ತು. ಅಪ್ಪ, "ಇರ್ಲಿ, ಓದ್ಲಿ" ಎಂದಷ್ಟೇ ಹೇಳಿ ಎಲೆಗೆ ಸುಣ್ಣ ಹಚ್ಚಿದರು. ಅಜ್ಜಿ ಹೋದ ಮೇಲೆ ಅಣ್ಣತಮ್ಮಂದಿರು ಪಾಲಾದರು, ಪಡಸಾಲೆಯ ನಡುವೆ ಗೋಡೆ ಎದ್ದಿತು. ಮುಂದೆ ಯಾರೋ ಎರಡು ಅರ್ಧವನ್ನೂ ಕೊಂಡು, ಕೂಡಿಸಿ, ಕೆಡವಿದರು. ಭಟ್ಟಿಯೂ ಅಲ್ಲಿಂದ ಎದ್ದುಹೋಯಿತು. ಗಿರಿಜೆಗೆ ಹರಿಹರ ಉಳಿದಿತ್ತು, ಅಲ್ಲೇ ಮದುವೆಯಾಗಿ ಅಲ್ಲೇ ಮುದುಕಿಯಾದಳು. ಅದಕ್ಕೂ ನನಗೆ ಹೊಟ್ಟೆಕಿಚ್ಚು.

ಒಮ್ಮೆ ಅವಳ ಮನೆಗೆ ಹೋದಾಗ, ಭಿನ್ನರಾಶಿ ಹಿಡಿದು ಅಳುತ್ತಿದ್ದ ಅವಳ ಮೊಮ್ಮಗಳಿಗೆ ನಾನು ಈ ಕಥೆ ಹೇಳಿದೆ. ಗಿರಿಜಾ ಅವರೆಕಾಯಿ ಸುಲಿಯುತ್ತಾ ಕೇಳಿಸಿಕೊಂಡಳು. "ಲೇ ಶಾಂತಿ, ನೀನೆಲ್ಲಿ ಬಂದಿದ್ದೆ ಗುಡಿಗೆ? ನಿನ್ನ ಯಾರು ರೈಲು ಹತ್ತಿಸಿದ್ರು?" ಎಂದಳು. ನಾನು ಇಟ್ಟಿಗೆ ಗೆರೆಯ ಸಾಕ್ಷಿ ಹೇಳಿದೆ. ಅವಳು ನಕ್ಕಳು. "ಗುಡಿ ನೆಲದ ಮ್ಯಾಲೆ ಇಟ್ಟಂಗಿ ಹಚ್ಚಾಕೆ ಪೂಜಾರಿ ಬಿಡ್ತಿದ್ನೇನೇ? ಅದು ದಾವಣಗೆರ್ಯಾಗ, ನಮ್ಮ ಮಾಳಿಗಿ ಮ್ಯಾಲೆ. ಶನಿವಾರ ಬಂದಾಗ ನಿನಗ ಬರೆದು ತೋರ್ಸಿದಾಕಿ ನಾನು. ಅಡ್ಡ ಗೆರಿ ನಮ್ದು ಅಂತ ಅಕ್ಕೋರು ಹೆಂಗಂತಾರ? ಅಕ್ಕೋರೇ ನಾಮದೋರು!"

ನನಗೆ ಕಾದ ಮರಳಿನ ವಾಸನೆ ಬಂತು. ಮಾಳಿಗೆ, ಪಕ್ಕದಲ್ಲೇ ಭಟ್ಟಿಯ ಹೊಗೆ, ಕಾದ ಮರಳಿನಲ್ಲಿ ಮಂಡಕ್ಕಿ ಅರಳುವ ಸದ್ದು.

ಗಿರಿಜೆಯೂ ಈಗಿಲ್ಲ. ಅವಳ ಅರ್ಧ ನೆನಪು, ನನ್ನ ಅರ್ಧ ನೆನಪು ಕೂಡಿ ಒಂದಾಯಿತು ಎಂದು ಮುಗಿಸಿದರೆ ಓದಲು ಹಿತ. ಆದರೆ ಅಳತೆ ಒಂದೇ ಆಗದೆ ಕೂಡಿಸಬಾರದು ಎಂದು ಕಲಿತವಳು ನಾನು. ಅವಳದು ದೇವರ ಮುಂದೆ ಕೂತು ಕೇಳಿದ್ದು. ನನ್ನದು ಉರಿದುಕೊಂಡು ಕಟ್ಟಿಕೊಂಡದ್ದು. ನಿಜವಾದ ಗುಡಿ ಅವಳಿಗೇ ಸಿಕ್ಕಿತಲ್ಲ ಎಂಬ ಕಿಚ್ಚು ಈಗಲೂ ಆರಿಲ್ಲ. ಮರಳಿನ ವಾಸನೆ ಬಂದಾಗ ಈಗಲೂ ಮೊದಲು ಕಾಣುವುದು ಆ ಕೈಯೇ. ಚಿಕ್ಕ ಕೈ. ಉಗುರಿನ ಸಂದಿನಲ್ಲಿ ಕೆಂಪು ಪುಡಿ. ಕೈಯ ಹಿಂದೆ ಈಗ ಮುಖವೂ ಬರುತ್ತದೆ, ಬಿಸಿಲಿಗೆ ಬೆವೆತ, ಗಡಿಬಿಡಿಯ ಮುಖ. "ತಿಳೀತೇನೇ?" ಎಂದು ಕೇಳುತ್ತದೆ. ಆಗ ಏನೆಂದೆನೋ ಗೊತ್ತಿಲ್ಲ. ತಿಳಿದಿದ್ದರೂ ಹೊಟ್ಟೆಕಿಚ್ಚಿಗೆ ತಿಳಿಯಲಿಲ್ಲ ಎಂದೇ ಹೇಳಿರಬೇಕು. ಅವಳು ಅಂಗೈಯಿಂದ ನೆಲ ಒರೆಸಿ, ಮತ್ತೆ ಮೊದಲಿನಿಂದ, ಚೌಕ ಬರೆಯುತ್ತಾಳೆ.