ಗೇಣು ದೂರದ ಕೆಂಪು ಬೆಳಕು

ಟೋಪಿ ತಲೆಗೇರಿದ ಕೂಡಲೇ ನಾನು ಮಾಡಿದ ಮೊದಲ ಕೆಲಸವೆಂದರೆ ಮೂಗೆಳೆದು ವಾಸನೆ ನೋಡಿದ್ದು. ಸುಟ್ಟ ಕೂದಲಿನ ವಾಸನೆ ಎಲ್ಲಾದರೂ ಬರುತ್ತಿದೆಯೇನೋ ಎಂದು. ಎದುರಿಗೆ ಕುಳಿತಿದ್ದ ಮೊಮ್ಮಗಳು ನಕ್ಕುಬಿಟ್ಟಳು. "ಅಜ್ಜಿ, ಇದು ಲೇಸರ್. ಒಲೆ ಅಲ್ಲ."

ನೋಡಲಿಕ್ಕೆ ಮಕ್ಕಳ ಸೈಕಲ್ ಹೆಲ್ಮೆಟ್ಟಿನಂತಿದೆ. ಮಗುಚಿ ನೋಡಿದರೆ ಒಳಗೆಲ್ಲ ದಾಳಿಂಬೆ ಬಿಡಿಸಿಟ್ಟ ಹಾಗೆ ಕೆಂಪು ದೀಪಗಳು. ಇಪ್ಪತ್ತು ನಿಮಿಷ ಹಾಕಿಕೊಂಡು ಸುಮ್ಮನೆ ಕೂರಬೇಕು, ದಿನ ಬಿಟ್ಟು ದಿನ, ತಿಂಗಳುಗಟ್ಟಲೆ. ಲೋ ಲೆವೆಲ್ ಲೇಸರ್ ಥೆರಪಿ ಎಂದು ಅದರ ಹೆಸರು. ನನ್ನ ನೆತ್ತಿ ಈಚೆಗೆ ದೇವರ ಮನೆಯ ದೀಪಕ್ಕೇ ಮಿಂಚತೊಡಗಿದ್ದನ್ನು ಕಂಡು ಮೊಮ್ಮಗಳು ತರಿಸಿದ್ದು. ಈ ವಯಸ್ಸಿನಲ್ಲಿ ಇದೆಲ್ಲ ಏಕೆ ಎಂದು ನೀವು ಕೇಳಬಹುದು. ಪ್ಯೂರ್ ವ್ಯಾನಿಟಿ, ಮತ್ತೇನು! ಗುಲ್ಬರ್ಗಾದ ಕಾನ್ವೆಂಟಿನಲ್ಲಿ ಸಿಸ್ಟರುಗಳು ನಮ್ಮ ಬಳಿ ಕೈಗನ್ನಡಿ ಸಿಕ್ಕರೆ ಕಸಿದುಕೊಳ್ಳುತ್ತಿದ್ದರು. ಅವರು ಕಸಿದಷ್ಟೂ ನಾವು ಕಿಟಕಿಯ ಗಾಜಿನಲ್ಲಿ ಮುಖ ನೋಡಿಕೊಳ್ಳುವುದನ್ನು ಕಲಿತೆವು.

ಆದರೆ ಟೋಪಿ ಹಾಕಿಕೊಂಡು ಎರಡು ನಿಮಿಷವಾದರೂ ಬಿಸಿಯೇ ಇಲ್ಲ. ಕೈ ಹಾಕಿ ಮುಟ್ಟಿದೆ. ತಣ್ಣಗಿತ್ತು. ಆ ತಣ್ಣನೆಯ ಕೆಂಪು ಬೆಳಕಿನ ಕೆಳಗೆ ಕುಳಿತು ನಾನು ಬೆವರತೊಡಗಿದೆ.

ಎಪ್ಪತ್ತರ ದಶಕದ ಕೊನೆಯ ಮಾತು. ಆಳಂದದಲ್ಲಿ ಹುಟ್ಟಿದ ನಾನು ಜೇವರ್ಗಿಗೆ ಸೊಸೆಯಾಗಿ ಬಂದೆ. ಬರುವಾಗ ಒಂದು ಟ್ರಂಕು ತುಂಬ ಇಂಗ್ಲಿಷ್ ಪುಸ್ತಕ ತಂದಿದ್ದೆ, ರೊಟ್ಟಿ ಬಡಿಯಲು ಮಾತ್ರ ಕಲಿತು ಬಂದಿರಲಿಲ್ಲ. ನನ್ನ ಜೋಳದ ರೊಟ್ಟಿ ತಾಟಿನ ಅಂಚು ಮುಟ್ಟುವ ಮೊದಲೇ ನಾಲ್ಕು ತುಂಡಾಗುತ್ತಿತ್ತು. ಅತ್ತೆ ಬೈಯುತ್ತಿರಲಿಲ್ಲ. ಬಂದವರ ಮುಂದೆ, "ನಮ್ಮ ಸೊಸಿ ಇಂಗ್ಲೀಷ್ ಓದ್ಯಾಳ್ರಿ. ರೊಟ್ಟಿ ಯಾರ್ ಬೇಕಾದ್ರೂ ಬಡೀತಾರ" ಎನ್ನುತ್ತಿದ್ದರು. ಆ ಹೊಗಳಿಕೆಯಿಂದಲೇ ನಾನು ಹಾಳಾದೆ ಎಂದು ಈಗ ಅನ್ನಿಸುತ್ತದೆ.

ಆ ಮನೆಯಲ್ಲಿ ನನಗೆ ಗೆಳತಿಯೆಂದರೆ ನಾದಿನಿ ಶರಣಮ್ಮ, ಮನೆಯವರಿಗೆಲ್ಲ ಶರಣಿ. ಹತ್ತೊಂಬತ್ತರ ಹುಡುಗಿ, ಮೊಣಕಾಲಿಗೆ ಬಡಿಯುವ ಕೂದಲು. ಮಧ್ಯಾಹ್ನ ಊಟ ಮುಗಿದ ಮೇಲೆ ಅವಳು ಮರದ ಹಣಗಿ ಹಿಡಿದು ನನ್ನ ಮುಂದೆ ಬೆನ್ನು ಕೊಟ್ಟು ಕೂರುತ್ತಿದ್ದಳು. ಹಣಗಿ ಎಂದರೆ ಬಾಚಣಿಗೆ, ಅವಳ ಅಜ್ಜಿಯದು, ಮೂರು ಹಲ್ಲು ಮುರಿದಿತ್ತು. ಬಾಚುತ್ತ ನಾನು ಓದಿದ ಇಂಗ್ಲಿಷ್ ಕತೆ ಹೇಳುವುದು, ಅವಳು ನಡುವೆ, "ಆ ಹುಡುಗಿಗಿ ಅವ್ವ ಇರ್ಲಿಲ್ಲೇನ್ ವೈನಿ? ಇದ್ರ ಹೊರಗ ಹ್ಯಾಂಗ ಬಿಟ್ಳು?" ಎಂದು ಕೇಳುವುದು. ಅರ್ಧ ಗಂಟೆಗೆ ಒಂದು ಹೆಳಲು, ಎಂದರೆ ಜಡೆ, ಮುಗಿಯುತ್ತಿತ್ತು.

ಒಂದು ಮಧ್ಯಾಹ್ನ ಬೈತಲೆ ತೆಗೆಯುವಾಗ ಹಣಗಿ ನಿಂತಿತು. ಬೈತಲೆ ಶುರುವಾಗುವ ಕಡೆ, ಎಡಕ್ಕೆ, ನಾಣ್ಯದಗಲ ಜಾಗ ನುಣ್ಣಗಾಗಿತ್ತು. ಗಾಯವಿಲ್ಲ, ತುರಿಕೆಯಿಲ್ಲ, ಕೂದಲೂ ಇಲ್ಲ. ಅತ್ತೆ ಬಂದು ನೋಡಿ ಸೆರಗು ಬಾಯಿಗೆ ಒತ್ತಿಕೊಂಡರು. ಹುಳ ತಿಂದಿದೆ ಎಂದರು. ಈರುಳ್ಳಿ ರಸ ಆಯಿತು, ಘತ್ತರಗಿಯ ಭಾಗ್ಯವಂತಿಗೆ ಹರಕೆ ಆಯಿತು. ಸಂಕಟ ಏನೆಂದರೆ, ಅದೇ ವಾರ ಅಫಜಲಪುರದವರು ಹುಡುಗಿಯ ಫೋಟೋ ಕೇಳಿದ್ದರು. ಒಳ್ಳೆಯ ಮನೆತನ. ಶರಣಿಯೂ ಆ ಹುಡುಗನನ್ನು ಯಾರದೋ ಮದುವೆಯಲ್ಲಿ ಕಂಡಿದ್ದಳು. ಕಂಡೆ ಎಂದಷ್ಟೇ ನನಗೆ ಹೇಳಿದ್ದಳು, ಆದರೆ ಮೂರು ಸಲ ಹೇಳಿದ್ದಳು.

ಬಸ್ ಸ್ಟ್ಯಾಂಡಿನ ಎದುರು ಸ್ಟುಡಿಯೋ ಇಟ್ಟಿದ್ದ ಮುದುಕರನ್ನು ಊರೆಲ್ಲ ಚಾಚಾ ಎನ್ನುತ್ತಿತ್ತು. ಫೋಟೋ ತೆಗೆದರು. ತೊಳೆದು ಬಂದ ಪ್ರಿಂಟಿನಲ್ಲಿ ಆ ಜಾಗ ಬೆಳ್ಳಗೆ ಎದ್ದು ಕಾಣುತ್ತಿತ್ತು. ಚಾಚಾ ಕನ್ನಡಕ ಮೇಲೇರಿಸಿ ನನ್ನನ್ನೂ ಶರಣಿಯನ್ನೂ ನೋಡಿದರು. "ಫಿಕರ್ ಮಾಡಬ್ಯಾಡ್ರಿ ಬೇಟಾ. ಮದಿವಿ ಫೋಟೋಕ್ಕ ನಾ ಮೀಸಿ ಸುದ್ದಾ ಬರದೇನಿ, ಹೆಣ್ಣಮಕ್ಕಳ ಕೂದ್ಲ ಬರ್ಯಾಕ ಏನ್ ಕಷ್ಟ?" ಎಂದು, ಎರಡೆಳೆಯ ಕುಂಚವನ್ನು ಕಪ್ಪು ಬಣ್ಣದಲ್ಲಿ ಅದ್ದಿ, ಉಸಿರು ಹಿಡಿದು, ಒಂದೊಂದೇ ಕೂದಲು ಬರೆದರು. ಫೋಟೋ ಅಫಜಲಪುರಕ್ಕೆ ಹೋಯಿತು. ಹುಡುಗಿ ಒಪ್ಪಿಗೆ, ತಿಂಗಳು ಬಿಟ್ಟು ನೋಡಲು ಬರುತ್ತೇವೆ ಎಂದು ಉತ್ತರ ಬಂತು.

ಇನ್ನು ಫೋಟೋ ಹೇಳಿದ ಸುಳ್ಳನ್ನು ಒಂದು ತಿಂಗಳಲ್ಲಿ ತಲೆ ನಿಜ ಮಾಡಬೇಕಿತ್ತು.

ಇಲ್ಲಿ ನಾನು ಪ್ರವೇಶಿಸಿದೆ, ಟ್ರಂಕಿನ ಸಮೇತ. ರದ್ದಿ ಅಂಗಡಿಯಿಂದ ತಂದ ಹಳೆಯ ಇಂಗ್ಲಿಷ್ ಮ್ಯಾಗಝಿನ್ ಒಂದರ ಮೂಲೆಯಲ್ಲಿ ನಾಲ್ಕು ಸಾಲು ಓದಿದ ನೆನಪು. ಎಲ್ಲೋ ದೂರದ ದೇಶದಲ್ಲಿ ಯಾರೋ ಇಲಿಗಳ ಬೆನ್ನು ಬೋಳಿಸಿ ಕೆಂಪು ಬೆಳಕು ಬಿಟ್ಟರಂತೆ, ಬೆಳಕು ಬಿದ್ದ ಕಡೆ ಕೂದಲು ಬೇಗ ಬಂತಂತೆ. ಹುಡುಕಿ ತೆಗೆದೆ. ಬೆಳಕು ಎಂಬ ಮಾತಿನ ಹಿಂದೆ 'ಲೇಸರ್' ಎಂಬ ಒಂದು ಪದವಿತ್ತು. ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲದ ಪದ ಬಂದರೆ ಡಿಕ್ಷನರಿ ತೆರೆಯಿರಿ ಎಂದು ಸಿಸ್ಟರ್ ಕೈಮೇಲೆ ಸ್ಕೇಲಿನಿಂದ ಹೊಡೆದು ಕಲಿಸಿದ್ದರು. ನಾನು ಆ ಪದವನ್ನು ದಾಟಿ ಮುಂದೆ ಹೋದೆ. ಕೆಂಪು ಎಂದರೆ ಗೊತ್ತು, ಬೆಳಕು ಎಂದರೆ ಗೊತ್ತು. ಇನ್ನೇನು ಬೇಕು?

ಕೆಂಪು ಬೆಳಕು ಜೇವರ್ಗಿಯಲ್ಲಿ ಇದ್ದದ್ದು ಒಂದೇ ಕಡೆ, ಚಾಚಾನ ಡಾರ್ಕ್ ರೂಮಿನಲ್ಲಿ. ಸಣ್ಣ ಬಲ್ಬು. ಕೇಳಿದಾಗ ಕೊಟ್ಟರು. "ಇದು ಫೋಟೋ ತೊಳ್ಯಾಕ ಇರೂದ್ರಿ ಬೇಟಾ. ತಲಿಗಿ ಏನ್ ಮಾಡ್ತದೋ ನನಗ ಗೊತ್ತಿಲ್ಲ. ಗೇಣು ದೂರ ಇಡ್ರಿ."

ಜೋಳದ ಚೀಲಗಳಿದ್ದ ಕೋಣೆಯಲ್ಲಿ, ಮಧ್ಯಾಹ್ನ, ಹೆಳಲು ಹಾಕುವ ಹೊತ್ತಿನಲ್ಲೇ ಟ್ರೀಟ್‌ಮೆಂಟ್ ಶುರುವಾಯಿತು. ಬಲ್ಬಿಗೂ ತಲೆಗೂ ನಡುವೆ ನಾನು ಗೇಣು ಹಿಡಿದು ಅಳೆಯುತ್ತಿದ್ದೆ. ಬಾಗಿಲ ಹೊರಗೆ ಅತ್ತೆ ಕಾವಲು, ಯಾರಾದರೂ ಬಂದರೆ ಕೆಮ್ಮಲಿಕ್ಕೆ. ಒಂದು ವಾರ, ಎರಡು ವಾರ. ಏನೂ ಇಲ್ಲ. ಮೂರನೆಯ ವಾರ ಒಂದು ದಿನ ಬೆರಳಿಗೆ ಮೆತ್ತಗೆ ಏನೋ ತಾಗಿತು. ಕಿಟಕಿಯ ಬಳಿ ಎಳೆದೊಯ್ದು ನೋಡಿದರೆ ಹತ್ತಿಯ ನವಿರಿನಂಥ ಕೂದಲು! ಬೆಳ್ಳನೆಯದು.

ಅತ್ತೆ ನಗಬೇಕೋ ಅಳಬೇಕೋ ತಿಳಿಯದೆ, "ಏ ಶರಣಿ, ಬಿಳಿ ಕೂದ್ಲಾ ಬಂದಾವಲ್ಲ ಬೇ! ಮದಿವಿಕಿಂತ ಮುಂಚೇನೇ ಮುದುಕಿ ಆದ್ಯಲ್ಲ!" ಎಂದರು.

"ಕರ್ರಗ ಆಗ್ತಾವ," ಎಂದೆ ನಾನು. ಆಗದಿದ್ದರೆ? ಅವರು ಬರಲು ಎಂಟು ದಿನ ಉಳಿದಿತ್ತು. ಸಣ್ಣ ಬಲ್ಬಿಗೆ ಬಿಳಿ ಕೂದಲು ಬಂದರೆ ದೊಡ್ಡ ಬಲ್ಬಿಗೆ ಕಪ್ಪು ಬಂದೀತು ಎಂದು ನನ್ನ ಸೈನ್ಸ್ ಹೇಳಿತು. ಚಾಚಾ ಇಲ್ಲದ ಹೊತ್ತು ನೋಡಿ, ಅವರ ಹೆಂಡತಿಯಿಂದ ಫೋಟೋ ತೆಗೆಯುವಾಗ ಮುಖಕ್ಕೆ ಬಿಡುವ ದೊಡ್ಡ ಬಲ್ಬನ್ನು ಇಸಿದುಕೊಂಡು ಬಂದೆ. ಗಾಜಿಗೆ ತಾಗದಂತೆ ಮುಂದೆ ಕೆಂಪು ಜಿಲೆಟಿನ್ ಕಾಗದ ಕಟ್ಟಿದೆ. ಗೇಣು ಇದ್ದದ್ದನ್ನು ನಾಲ್ಕು ಬೆರಳಿಗೆ ತಂದೆ.

"ವೈನಿ, ಚುರುಚುರು ಅನ್ನಾಕತ್ತದ."

"ಚುರುಚುರು ಅಂದ್ರ ಕೆಲಸ ಮಾಡಾಕತ್ತದ ಅಂತ. ಸ್ವಲ್ಪ ಪೇಶೆನ್ಸ್ ಇರ್ಲಿ."

ಅವಳು ಜೋಳದ ಚೀಲದ ಕಿವಿ ಹಿಡಿದುಕೊಂಡು ಕುಳಿತಳು. ನಾನು ಹೇಳಿದ್ದನ್ನು ಅವಳು ಎಂದೂ ಮೀರಿದವಳಲ್ಲ. ಕರೆಂಟು ಹೋಯಿತು. ಬಂದಾಗ, ನಮ್ಮ ಕಡೆ ಬರುವ ಹಾಗೆ, ಒಮ್ಮೆಲೇ ಜೋರಾಗಿ ಬಂತು. ಬಲ್ಬು ಬೆಳ್ಳಗೆ ಉರಿಯಿತು, ಕಾಗದ ಕರಗಿ ತೊಟ್ಟಿಕ್ಕಿತು. ಮೊದಲು ವಾಸನೆ ಬಂತು, ಆಮೇಲೆ ಅವಳ ಕೂಗು.

ಆ ಎಂಟು ದಿನ ಹೇಗೆ ಕಳೆದವು ಎಂದು ನಾನು ಹೇಳಲಾರೆ. ಸುಟ್ಟ ಜಾಗದ ಬೊಬ್ಬೆ ಒಡೆದು ಹಕ್ಕಳೆಗಟ್ಟಿತು. ಅಫಜಲಪುರದವರು ಹೇಳಿದ ದಿನಕ್ಕೇ ಬಂದರು. ಸೆರಗನ್ನು ಹಣೆಯವರೆಗೆ ಎಳೆದು ಶರಣಿಯನ್ನು ಕೂರಿಸಿದ್ದೆವು. ಚಹಾ ಆಯಿತು, ಅವಲಕ್ಕಿ ಆಯಿತು. ಹುಡುಗನ ಸೋದರತ್ತೆ, ದಪ್ಪ ಕುಂಕುಮದ ಹೆಂಗಸು, ಹೂವಿನ ಪೊಟ್ಟಣ ಬಿಚ್ಚಿದರು. ಹುಡುಗಿಗೆ ತಮ್ಮ ಕೈಯಿಂದಲೇ ಹೂ ಮುಡಿಸುವುದು ಅವರ ಮನೆಯ ಪದ್ಧತಿ.

"ಬಾ ಯವ್ವಾ, ಸೆರಗ ಸರಸು."

ಅವರ ಬೆರಳು ಹಕ್ಕಳೆಯ ಮೇಲೆ ನಿಂತಿತು. "ಇದೇನ್ ಬೇ? ಫೋಟೋದಾಗ ಇರ್ಲಿಲ್ಲಲ್ಲ?"

ಶರಣಿ ತಲೆಯೆತ್ತಿ ಹೇಳಿದಳು. "ಫೋಟೋದಾಗ ಕೂದ್ಲ ಬರ್ದಾರ್ರಿ. ಅಲ್ಲಿ ಮೊದ್ಲೇ ಉದುರಿತ್ತು. ಬರ್ಲಿ ಅಂತ ಬಲ್ಬ್ ಹಿಡದ್ರ ಸುಡ್ತು."

"ಯಾರ್ ಹೇಳಿದ್ರು ನಿನಗ ಬಲ್ಬ್ ಹಿಡಿ ಅಂತ? ಅಂಥಾ ಶಾಣ್ಯಾ ಯಾರು?"

ನಾನು ಮೂರು ಹೆಜ್ಜೆ ದೂರದಲ್ಲಿ ಚಹದ ತಾಟು ಹಿಡಿದು ನಿಂತಿದ್ದೆ. ಎಲೊಕ್ಯೂಶನ್‌ನಲ್ಲಿ ಮೆಡಲ್ ತೆಗೆದುಕೊಂಡ ಬಾಯಿ. ತೆರೆಯಲಿಲ್ಲ.

"ಯಾರೂ ಹೇಳಿಲ್ರಿ. ನಾನೇ," ಎಂದಳು ಶರಣಿ.

ಸೋದರತ್ತೆ ಬೈಯಲಿಲ್ಲ. ಸುಟ್ಟ ಜಾಗ ಬಿಟ್ಟು ಬಲಕ್ಕೆ ಹೂ ಮುಡಿಸಿ ಎದ್ದರು. ವಾರದೊಳಗೆ ಫೋಟೋ ವಾಪಸು ಬಂತು.

ಆಮೇಲೆ, ಶರಣಿಯ ಸುಟ್ಟ ಗಾಯಕ್ಕೆ ಮುಲಾಮು ಕೊಟ್ಟಿದ್ದ ಸರಕಾರಿ ದವಾಖಾನೆಯ ಡಾಕ್ಟರನ್ನು ನಾನೊಬ್ಬಳೇ ಹೋಗಿ ಕೇಳಿದೆ. ಇಂಥ ಕೂದಲು ಬಹಳ ಸಲ ತಾನಾಗಿಯೇ ಬರುತ್ತದಮ್ಮ, ಮೊದಲು ಬೆಳ್ಳಗೆ ಬಂದು ಆಮೇಲೆ ಕಪ್ಪಾಗುತ್ತದೆ, ಸುಮ್ಮನೆ ಬಿಟ್ಟಿದ್ದರೆ ಸಾಕಿತ್ತು, ಈಗ ಬೇರು ಸುಟ್ಟಿದೆ ಎಂದರು. ನಾನು ಯಾರಿಗೂ ಹೇಳಲಿಲ್ಲ. ಶರಣಿಗಂತೂ ಇಲ್ಲವೇ ಇಲ್ಲ. ಎರಡು ವರ್ಷದ ಮೇಲೆ ಯಡ್ರಾಮಿಯ ಶಾಲೆಯ ಮಾಸ್ತರರೊಬ್ಬರನ್ನು ಮದುವೆಯಾಗಿ ಹೋದಳು. ಸುಖವಾಗಿದ್ದಾಳೆ. ಬೈತಲೆಯನ್ನು ಬಲಕ್ಕೆ ತೆಗೆದು ಕೂದಲನ್ನು ಆ ಕಲೆಯ ಮೇಲೆ ಎಳೆದುಕೊಳ್ಳುತ್ತಾಳೆ. ಆದರೆ ಆ ಮಧ್ಯಾಹ್ನದ ನಂತರ ಅವಳು ಎಂದೂ ಹಣಗಿ ಹಿಡಿದು ನನ್ನ ಮುಂದೆ ಕೂರಲಿಲ್ಲ. ಜಗಳವಿಲ್ಲ, ಮಾತು ಬಿಟ್ಟಿಲ್ಲ. ತನ್ನ ಹೆಳಲನ್ನು ತಾನೇ ಹಾಕಿಕೊಳ್ಳತೊಡಗಿದಳು, ಅಷ್ಟೆ. ಮದುವೆಯಾಗಿ ಹೋಗುವಾಗ ಆ ಮುರಿದ ಹಣಗಿಯನ್ನೂ ಒಯ್ದಳು.

"ಸುಟ್ಟ ಕಲೆಯ ಮೇಲೆ ಇದರಿಂದ ಕೂದಲು ಬರ್ತದಾ?" ಎಂದು ಟೋಪಿಯ ಕೆಳಗಿನಿಂದ ಮೊಮ್ಮಗಳನ್ನು ಕೇಳಿದೆ.

"ಇಲ್ಲ ಅಜ್ಜಿ. ಬೇರು ಜೀವಂತ ಇದ್ದರೆ ಮಾತ್ರ."

ಇನ್ನೂ ಹನ್ನೆರಡು ನಿಮಿಷ ಉಳಿದಿತ್ತು. ಫೋನ್ ಹಚ್ಚಿಕೊಡು ಎಂದೆ. ಶರಣಿ ಎತ್ತಿದಳು. ನಾನು ಕ್ಷೇಮ ಸಮಾಚಾರ ಕೇಳಲಿಲ್ಲ. "ಶರಣಿ, ಅವತ್ತು ಆ ಸೋದರತ್ತಿ ಕೇಳಿದಾಗ ನಾ ಬಾಯಿ ತೆಗೀಬೇಕಿತ್ತು. ಆ ಕೂದ್ಲ ತಾನಾಗೇ ಬರೂದಿತ್ತಂತ. ಡಾಕ್ಟರ್ ಹೇಳಿದ್ದರು. ನಾ ನಿನಗ ಹೇಳಲಿಲ್ಲ."

ಆ ಕಡೆ ಯಾವುದೋ ಪಾತ್ರೆ ಕೆಳಗಿಟ್ಟ ಸಪ್ಪಳ. ಆಮೇಲೆ ಅವಳ ದನಿ. "ಗೊತ್ತದ ವೈನಿ. ಆ ಡಾಕ್ಟರ್ ನನಗೂ ಹೇಳಿದ್ರು."

"ಮತ್ತ ನನ್ನ ಯಾಕ ಕೇಳಲಿಲ್ಲ?"

"ನೀವೇ ಹೇಳ್ತೀರಿ ಅಂತ ಕಾದೆ."

ಅವಳೇ ಕೇಳಿದಳು, "ಈಗ್ಯಾಕ ನೆನಪಾತು?" ಟೋಪಿಯ ಸುದ್ದಿ ಹೇಳಿದೆ. ಬಹಳ ಹೊತ್ತು ನಕ್ಕಳು. "ಯವ್ವಾ! ಇನ್ನೂ ಬಿಟ್ಟಿಲ್ಲೇನ್ರಿ ಬಲ್ಬಿನ ಚಟಾ? ಎಷ್ಟ್ ದೂರ ಇಟ್ಟೀರಿ, ಗೇಣೋ, ನಾಕ್ ಬೆರಳೋ?"

"ತಲಿಗೇ ಅಂಟಿಕೊಂಡದ. ಆದ್ರ ಸುಡಂಗಿಲ್ಲ."

ತಲೆಯ ಮೇಲೆ ಟೋಪಿ ಕುಂಯ್ ಎಂದು ಸದ್ದು ಮಾಡಿ ಆರಿತು. ಇಪ್ಪತ್ತು ನಿಮಿಷ ಮುಗಿದಿತ್ತು. ತೆಗೆದು ಪಕ್ಕಕ್ಕಿಟ್ಟೆ. ನಾಳೆ ಯಡ್ರಾಮಿಗೆ ಬರಲೇ ಎಂದು ಕೇಳಿದೆ.

"ಬರ್ರಿ," ಎಂದಳು. "ಮಧ್ಯಾಹ್ನ ಊಟಕ್ಕ ಬರ್ರಿ. ಹಣಗಿ ಅದ. ಇನ್ನೂ ಎರಡು ಹಲ್ಲು ಮುರದಾವ."