ತಂಗಿ ಹೇಳಿದ ಎರಡು ಸುಳ್ಳು

ಚಾಮರಾಜನಗರದ ಒಂದು ಸಣ್ಣ ನರ್ಸಿಂಗ್ ಹೋಮಿನಲ್ಲಿ ನಾನು ಹದಿನೇಳು ವರ್ಷದಿಂದ ನರ್ಸು. ಬಾಯಿ ಸ್ವಲ್ಪ ಜೋರು. ಡಾಕ್ಟರು ಬರುವ ಮೊದಲೇ ರೋಗಿಗೆ ಏನಾಗಿದೆ ಎಂದು ಹೇಳಿಬಿಡುವ ಚಟವೂ ಇದೆ. ಹತ್ತರಲ್ಲಿ ಎಂಟು ಸಲ ಅದು ಸರಿಯಾಗಿರುತ್ತದೆ. ಆ ಎಂಟರ ಜಂಬದಲ್ಲಿ ಉಳಿದೆರಡು ಮರೆತುಹೋಗುತ್ತವೆ. ತೆರಕಣಾಂಬಿಯ ನಮ್ಮ ಬೀದಿಯಲ್ಲಿ ಯಾರಿಗೆ ಕೆಮ್ಮು ಬಂದರೂ ಮೊದಲ ಫೋನು ನನಗೆ.

ನನ್ನ ತಂಗಿ ನನಗಿಂತ ಎಂಟು ವರ್ಷ ಚಿಕ್ಕವಳು, ಆಗ ಅವಳಿಗೆ ಮೂವತ್ನಾಲ್ಕು. ಅವಳೂ ಅವಳ ಗಂಡನೂ ಗಡಿಯಾಚೆ ವಯನಾಡಿನಲ್ಲಿ ಶುಂಠಿ ಕೆಲಸಕ್ಕೆ ಹೋಗುತ್ತಿದ್ದರು. ಗುಂಡ್ಲುಪೇಟೆಯಲ್ಲಿ ಕೂಲಿಯಾಳು ಕರೆದೊಯ್ಯುವ ಮೇಸ್ತ್ರಿಯ ಜೀಪು ಹತ್ತಿ, ಮದ್ದೂರು ಚೆಕ್‌ಪೋಸ್ಟ್ ದಾಟಿ ಕಾಡು ಕಳೆದರೆ ಬಂತು. ದೂರವೇನಲ್ಲ. ಆದರೆ ಇಲ್ಲಿನ ಆಸ್ಪತ್ರೆ ಕಾರ್ಡು ಅಲ್ಲಿ ನಡೆಯುತ್ತಿರಲಿಲ್ಲ, ಅಲ್ಲಿನ ಮಾತು ಇವಳಿಗೆ ಅರ್ಧಂಬರ್ಧ. ಶುಂಠಿಯನ್ನು ಒಂದೇ ನೆಲಕ್ಕೆ ಮತ್ತೆ ಮತ್ತೆ ಹಾಕುವುದಿಲ್ಲ. ಹಾಗಾಗಿ ವರ್ಷಕ್ಕೊಂದು ಹೊಲ, ವರ್ಷಕ್ಕೊಂದು ತಗಡಿನ ಶೆಡ್ಡು, ಜ್ವರ ಬಂದರೆ ವರ್ಷಕ್ಕೊಂದು ಆಸ್ಪತ್ರೆ.

ಎರಡು ವರ್ಷದಿಂದ ಅವಳು ಹಬ್ಬಕ್ಕೆ ಬಂದಾಗಲೆಲ್ಲ ಬಿಳಿಚಿಕೊಂಡಿರುತ್ತಿದ್ದಳು. ಬಾಗಿಲಲ್ಲೇ ನಿಲ್ಲಿಸಿ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿ, "ರಕ್ತವೇ ಇಲ್ವಲ್ಲಮ್ಮಿ, ಬರೀ ಟೀ ಕುಡ್ಕಂಡು ದುಡಿದ್ರೆ ಇನ್ನೇನಾದದು?" ಎಂದು ಬೈಯುತ್ತಿದ್ದೆ. ಹೋಗುವಾಗ ಕಬ್ಬಿಣಾಂಶದ ಮಾತ್ರೆ ಕಟ್ಟಿ ಕೊಡುತ್ತಿದ್ದೆ. ಅವಳು ಬ್ಯಾಗಿಗೆ ಹಾಕಿಕೊಳ್ಳುತ್ತಿದ್ದಳು.

ಆ ಸಲ ಮಾರ್ನಮಿಗೆ ಹಿರಿಯರ ಎಡೆ ಇಡಲು ಮೂರು ದಿನ ರಜೆ ಹಾಕಿ ಗಂಡನ ಜೊತೆ ಬಂದಿದ್ದಳು. ಅವ್ವನಿಗೆ ಮಂಡಿ ನೋವು, ನನಗೆ ಬೆಳಗಿನ ಡ್ಯೂಟಿ. ಅಡುಗೆಯೆಲ್ಲ ಅವಳದೇ. ತಲೆಗೆ ನೀರು ಹಾಕಿಕೊಂಡು, ಒದ್ದೆ ಕೂದಲು ಗಂಟು ಕಟ್ಟಿ, ಕಜ್ಜಾಯ, ವಡೆ, ಬಾಡು ಎಲ್ಲ ಮಾಡಿ ಎಲೆಗೆ ಬಡಿಸಿದ್ದಳು. ಎಡೆ ಇಟ್ಟು ಧೂಪ ಹಾಕಿ, ಹಿರಿಯರು ಬಂದು ಉಂಡು ಹೋಗಲೆಂದು ಬಾಗಿಲು ಎಳೆದುಕೊಂಡು ನಾವೆಲ್ಲ ಹಿತ್ತಲಲ್ಲಿ ಕೂತೆವು. ಅವಳು ಎರಡು ಸಲ ಹೊಟ್ಟೆ ಹಿಡಿದುಕೊಂಡು ಎದ್ದು ಕಕ್ಕಸಿಗೆ ಹೋಗಿ ಬಂದಳು. ಎರಡನೇ ಸಲ ಅವಳ ಹಿಂದೆಯೇ ನಾನು ಹೋದೆ. ಹೊಸದಾಗಿ ಕಟ್ಟಿಸಿದ ಬಿಳಿ ಟೈಲ್ಸಿನ ಕಕ್ಕಸು. ಅವಳು ನೀರು ಹಾಕಿದ್ದಳು, ಆದರೂ ಅಂಚಿನಲ್ಲಿ ರಕ್ತ ಉಳಿದಿತ್ತು.

"ಏನಮ್ಮಿ ಇದು?"

"ಮುಟ್ಟು ಕನಕ್ಕ," ಎಂದಳು, ಥಟ್ಟನೆ.

ಅವಳು ಅದನ್ನು ಮೆಲ್ಲಗೆ ಹೇಳಬೇಕಿತ್ತು. ಅವ್ವನ ಮಂಡಿಗೆ ನೋವಿರಬಹುದು, ಕಿವಿ ಚುರುಕಾಗಿಯೇ ಇದೆ. "ಮುಟ್ಟಾಗಿ ಎಡೆ ಮಾಡಿದ್ಯೇನಮ್ಮಿ? ನಿಮ್ಮಪ್ಪನ ಎಲೆಗೆ ಆ ಕೈಯಲ್ಲಿ ಬಡಿಸಿದ್ಯಾ?" ಎಂದು ಗೋಡೆ ಹಿಡಿದುಕೊಂಡು ಎದ್ದೇ ಬಿಟ್ಟಳು. ನಮ್ಮ ಮನೆಯಲ್ಲಿ ಅದಕ್ಕಿಂತ ದೊಡ್ಡ ತಪ್ಪಿಲ್ಲ. ಬಾಗಿಲಾಚೆ ಎಲೆ ಹಾಗೇ ಇದೆ, ಹಿರಿಯರು ಉಣ್ಣುತ್ತಿರುವ ಹೊತ್ತು. ತಂಗಿ ಒಮ್ಮೆ ಬಾಗಿಲು ನೋಡಿದಳು, ಒಮ್ಮೆ ನನ್ನನ್ನು. ಅಪ್ಪನ ಎಡೆ ಮೈಲಿಗೆ ಮಾಡಿದವಳು ಅನ್ನಿಸಿಕೊಳ್ಳಲು ಅವಳಿಂದ ಆಗಲಿಲ್ಲ.

"ಮುಟ್ಟಲ್ಲ ಕನವ್ವ," ಎಂದಳು. "ಇಂದ್ಗಡೆಯಿಂದ ರಕ್ತ ಓಯ್ತಾ ಅದೆ."

ಅವ್ವ ಅಲ್ಲೇ ಕುಸಿದು ಕೂತಳು. ಎಡೆ ಕೆಡಲಿಲ್ಲ ಎಂಬ ಸಮಾಧಾನ ಅವಳ ಮುಖದಲ್ಲಿ ಬಂದು ಹೋಗಿದ್ದನ್ನು ನಾನು ಕಂಡೆ.

ತಂಗಿಯ ಗಂಡ ಸಮಾಧಾನ ಹೇಳಲು ಬಂದ. "ಮೂಲವ್ಯಾದಿ ಕನಕ್ಕ. ಬಗ್ಗಿ ಕೆಲ್ಸ ಮಾಡೋರ್ಗೆಲ್ಲ ಬತ್ತದೆ. ಸೊಪ್ಪಿನ್ ರಸ ಕೊಡೋರು ಅವ್ರೆ, ಮೂರ್ ದಿನ ಕುಡುದ್ರೆ ನಿಂತೋಯ್ತದೆ. ನಾಳೆ ಜೀಪ್ ತಪ್ಪುದ್ರೆ ಮೇಸ್ತ್ರಿ ಬ್ಯಾರೇರ್ನ ತುಂಬ್ಕತಾನೆ." ಅವನು ಕೆಟ್ಟವನಲ್ಲ. ಜಾಗ ಹೋದರೆ ಮುಂದಿನ ಬಿತ್ತನೆಯವರೆಗೂ ಅವರಿಗೆ ಬೇರೆ ಕೆಲಸ ಇರಲಿಲ್ಲ. ಆದರೂ ಅವತ್ತು ಅವನ ಮೇಲೆ ಎಷ್ಟು ಕೂಗಾಡಿದೆನೆಂದರೆ ಪಕ್ಕದ ಮನೆಯವರು ಬೇಲಿಗೆ ಬಂದು ನಿಂತರು. ಬೆಳಿಗ್ಗೆ ನನ್ನ ಜೊತೆ ಚಾಮರಾಜನಗರಕ್ಕೆ ಬರುತ್ತೇನೆಂದು ತಂಗಿ ಒಪ್ಪಿಕೊಂಡಳು.

ಬೆಳಿಗ್ಗೆ ಬಸ್ ಸ್ಟಾಪಿಗೆ ಗುಂಡ್ಲುಪೇಟೆ ಬಸ್ಸೇ ಮೊದಲು ಬಂತು. ತಂಗಿಯ ಗಂಡ ಬ್ಯಾಗು ಹೆಗಲಿಗೇರಿಸಿ ಹತ್ತಿದ. ನಾನು ನೋಡುತ್ತಿದ್ದಂತೆ ತಂಗಿಯೂ ಕಂಬಿ ಹಿಡಿದು ಮೆಟ್ಟಿಲ ಮೇಲೆ ಕಾಲಿಟ್ಟಳು.

"ಇನ್ನೊಂದ್ ತಿಂಗ್ಳು ಕನಕ್ಕ. ಶುಂಠಿ ಕಿತ್ಬುಟ್ಟು ಬಂದ್ಬುಡ್ತೀನಿ. ನಿನ್ನಾಣೆ."

ಕಂಡಕ್ಟರು ವಿಷಲ್ ಊದಿದ. ನಾನು ಅವಳ ಜಡೆ ಹಿಡಿದೆ. ಮೂವತ್ನಾಲ್ಕು ವರ್ಷದ ಹೆಂಗಸಿನ ಜಡೆಯನ್ನು ಬಸ್ಸಿನ ಬಾಗಿಲಲ್ಲಿ ಹಿಡಿದೆಳೆದವಳು ನಾನು, ಅದಕ್ಕೆ ನನಗೆ ನಾಚಿಕೆ ಇಲ್ಲ. "ಇಳಿ! ಇಲ್ದಿದ್ರೆ ನಾನೂ ಹತ್ತಿ ನಿಮ್ ಶೆಡ್ಡಿಗೇ ಬತ್ತೀನಿ!" ಎಂದು ಕಿರುಚಿದೆ. ಬಸ್ಸು ಅರ್ಧ ಮಾರು ಮುಂದೆ ಹೋಗಿ ನಿಂತಿತು. ಅವಳು ಅಳುತ್ತಾ ಇಳಿದಳು. ಆಮೇಲೆ ಬ್ಯಾಗು ಹೊರಗೆ ಬಿತ್ತು, ಅದರ ಹಿಂದೆ ಅವನೂ ಇಳಿದ. ಮೂವರೂ ಚಾಮರಾಜನಗರದ ಬಸ್ಸು ಹತ್ತಿದೆವು.

ನಮ್ಮ ಡಾಕ್ಟರು ಗ್ಲೌಸ್ ಹಾಕಿಕೊಂಡು ಬೆರಳಿಟ್ಟು ನೋಡಿದರು. ಹದಿನೇಳು ವರ್ಷ ಅವರ ಮುಖ ನೋಡಿದವಳಿಗೆ ಬಾಯಿ ಬಿಟ್ಟು ಹೇಳಬೇಕಾಗಿರಲಿಲ್ಲ. ಅವರು ನಿಧಾನವಾಗಿ ಕೈ ತೊಳೆದುಕೊಂಡು ಕೇಳಿದರು, "ರಕ್ತ ಹೋಗೋದನ್ನ ಯಾವಾಗಿಂದ ನೋಡ್ತಿದ್ದೀಯಮ್ಮ?"

"ನೋಡುದ್ದು ನೆನ್ನೆಯೇ ಸಾರ್."

"ನಿನ್ನೆ ಶುರುವಾಗಿದ್ದಲ್ಲ ಇದು."

"ಅಲ್ಲಿ ನಮ್ಗೆ ಕಕ್ಕಸಿಲ್ಲ ಸಾರ್. ಗಂಡಸ್ರು ಏಳಕ್ ಮೊದ್ಲು, ನಾಕು ಗಂಟ್ಗೆ, ಹೆಂಗಸ್ರೆಲ್ಲ ತೋಟದ್ ಸಂದಿಗೆ ಓಗ್ಬುಟ್ಟು ಬತ್ತೀವಿ. ಕತ್ಲೇಲಿ ಏನ್ ಕಂಡದು?" ಇನ್ನೇನೋ ಹೇಳಲು ಹೊರಟವಳು ನನ್ನ ಮುಖ ನೋಡಿ ಸುಮ್ಮನಾದಳು.

ಅಲ್ಲಿ ಯಾವ ಆಸ್ಪತ್ರೆಗೂ ತೋರಿಸಿಲ್ಲವೇ ಎಂದು ಡಾಕ್ಟರು ಕೇಳಿದಾಗ ಪ್ಲಾಸ್ಟಿಕ್ ಕವರಿನಿಂದ ಮೂರು ಚೀಟಿ ತೆಗೆದಳು. ಮೂರು ಊರಿನವು. ಮೂರರಲ್ಲೂ ರಕ್ತ ಕಮ್ಮಿ, ಮೂರರಲ್ಲೂ ಅದೇ ಮಾತ್ರೆ. ಒಬ್ಬರು ಬರೆದದ್ದನ್ನು ಇನ್ನೊಬ್ಬರು ನೋಡಿರಲಿಲ್ಲ. ಇವಳಿಗೆ ತೋರಿಸಬೇಕೆಂದು ಗೊತ್ತಿರಲಿಲ್ಲ, ಅವರೂ ಕೇಳಿರಲಿಲ್ಲ. ಡಾಕ್ಟರು ಮೂರನ್ನೂ ಮೇಜಿನ ಮೇಲೆ ಸಾಲಾಗಿ ಇಟ್ಟರು. ಒಂದರಿಂದ ಒಂದಕ್ಕೆ ರಕ್ತ ಇಳಿಯುತ್ತಾ ಬಂದದ್ದು ಓದು ಬಾರದವರಿಗೂ ತಿಳಿಯುವಂತಿತ್ತು. "ಈ ವಯಸ್ಸಿಗೆ ಯಾರೂ ಅದನ್ನ ಯೋಚಿಸಲ್ಲ," ಎಂದು ಅವರು ಇಂಗ್ಲಿಷಿನಲ್ಲಿ ನನಗೆ ಮಾತ್ರ ಹೇಳಿ ಮೈಸೂರಿಗೆ ಬರೆದುಕೊಟ್ಟರು.

ಮೈಸೂರಿನಲ್ಲಿ ಕ್ಯಾಮೆರಾ ಹಾಕಿ ನೋಡಿದರು, ತುಂಡು ತೆಗೆದು ಪರೀಕ್ಷೆಗೆ ಕಳಿಸಿದರು. ದೊಡ್ಡ ಕರುಳಿನ ಕ್ಯಾನ್ಸರು. ಸ್ಕ್ಯಾನಿನಲ್ಲಿ ಲಿವರಿನ ಮೇಲೂ ಒಂದು ಚುಕ್ಕೆ ಕಂಡಿತು. ಇಲ್ಲಿನ ಕಾರ್ಡು ಅಲ್ಲಿ ನಡೆಯಿತು, ಹಾಸಿಗೆ ಸಿಕ್ಕಿತು. ಆಪರೇಷನ್ನಿನ ಹಿಂದಿನ ದಿನ ಸರ್ಜನ್ ಬಂದು ಫೈಲು ತೆರೆದು ನಿಂತರು. ನಾನು ನರ್ಸ್ ಎಂದು ಅವರಿಗೆ ಯಾರೋ ಹೇಳಿದ್ದರು.

"ಮನೇಲೇ ನರ್ಸ್ ಇದ್ದಾರೆ. ಇಷ್ಟು ದಿನ ಇವರಿಗೆ ಏನೂ ಹೇಳಿರಲಿಲ್ವೇನಮ್ಮ?" ಎಂದು ತಂಗಿಯನ್ನು ಕೇಳಿದರು.

"ಇಲ್ಲ ಸಾರ್," ಎಂದಳು. "ನಾಚ್ಕೆ ಆಗಿ ಅಕ್ಕನ್ಗೆ ನಾನೇ ಯೋಳಿರ್ನಿಲ್ಲ."

ಇಲ್ಲಿಯವರೆಗೆ ಬರೆಯದೆ ತಳ್ಳಿಕೊಂಡು ಬಂದದ್ದನ್ನು ಈಗ ಬರೆಯಲೇಬೇಕು. ಅವಳು ಹೇಳಿದ್ದಳು. ಆ ಮಾರ್ನಮಿಯ ಹಿಂದಿನ ವರ್ಷ ಯುಗಾದಿ ಮುಗಿಸಿ ಹೋದ ಮೇಲೆ ಒಂದು ಮಧ್ಯಾಹ್ನ ಫೋನು ಮಾಡಿದ್ದಳು. ತೊರೆಯಲ್ಲಿ ಬಟ್ಟೆ ಒಗೆಯುವಾಗ ಲಂಗದ ಹಿಂದೆ ಕಪ್ಪಗೆ, ಕೆಂಪಗೆ ಕಲೆ ಕಾಣುತ್ತದೆ, ಮೂರು ಸಲ ಆಯಿತು, ಭಯವಾಗುತ್ತದೆ ಅಕ್ಕ ಎಂದಿದ್ದಳು. ವಾರ್ಡಿನಲ್ಲಿ ನಾಲ್ಕು ಡ್ರಿಪ್ ಒಟ್ಟಿಗೆ ಮುಗಿಯುತ್ತಿದ್ದವು. "ಕಪ್ಪು ಕಬ್ಬಿಣದ್ ಮಾತ್ರೇದು, ಕೆಂಪು ಮುಟ್ಟಿಂದು. ಸುಮ್ನೆ ತಲೆ ತಿನ್ಬೇಡ," ಎಂದು ಫೋನು ಇಟ್ಟಿದ್ದೆ. ಅವಳು ಮತ್ತೆ ಆ ಮಾತೆತ್ತಲಿಲ್ಲ. ಹಿತ್ತಲಲ್ಲಿ ನಾನು ಕೇಳಿದಾಗ ನನ್ನ ಉತ್ತರವನ್ನೇ ನನಗೆ ಒಪ್ಪಿಸಿದ್ದಳು.

ಹಾಸಿಗೆಯ ಪಕ್ಕ ನಿಂತಿದ್ದ ನನ್ನ ಕಡೆ ಅವಳು ತಿರುಗಲಿಲ್ಲ. ನಾನು ಬಾಯಿ ತೆರೆಯಲಿಲ್ಲ. ಸರ್ಜನ್ ತಲೆಯಾಡಿಸಿ ಫೈಲಿನಲ್ಲಿ ಬರೆದುಕೊಂಡರು: ರೋಗಿ ತಡವಾಗಿ ತಿಳಿಸಿದ್ದಾರೆ.

ಕರುಳಿನ ಭಾಗ ತೆಗೆದಿದ್ದಾರೆ, ಕೀಮೋ ನಡೆಯುತ್ತಿದೆ, ಲಿವರಿನ ಚುಕ್ಕೆ ಇನ್ನೂ ಹೋಗಿಲ್ಲ. ಹದಿನೈದು ದಿನಕ್ಕೊಮ್ಮೆ ಅವಳನ್ನು ಮೈಸೂರಿಗೆ ಕರೆದುಕೊಂಡು ಹೋಗುತ್ತೇನೆ. ಆ ಸಾಲು ಫೈಲಿನಲ್ಲಿ ಹಾಗೇ ಇದೆ. ಫೈಲು ಹಿಡಿದುಕೊಳ್ಳುವವಳು ನಾನೇ.